ಬಳ್ಳಿಯ ಬೇರು

ಕನ್ನಡದಲ್ಲಿ ಬಳಕೆಯಲ್ಲಿರುವ ಶಬ್ದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿ ನಮ್ಮ ವಾಚಕರೆಲ್ಲರಿಗೂ ಪರಿಚಿತವಾದುದೇ. ವಿಂಗಡಣೆಯೇನೋ ಅನುಕೂಲವಾದುದು. ಆದರೆ ಕಾಲಕ್ರಮದಲ್ಲಿ ಅದು ವಿಚಾರಕ್ಕೆ ಸಹಾಯವಾಗುವುದರ ಬದಲು ವಿಚಾರದ ಸ್ಥಾನದಲ್ಲಿಯೇ ಕುಳಿತುಬಿಟ್ಟಿದೆ. ಕನ್ನಡದ ಮಾತೊಂದನ್ನು ತಕ್ಕಮಟ್ಟಿಗೆ ಹೋಲುವ ಸಂಸ್ಕೃತ ಶಬ್ದವು ಕೋಶದಲ್ಲಿ ದೊರೆಯಿತೆಂದರೆ ಸಾಕು, ಸಂಸ್ಕೃತದ್ದು ಮೂಲ, ಕನ್ನಡದ್ದು ತದ್ಭವ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಶಾಲೆಯ ವ್ಯಾಕರಣಗಳಲ್ಲಿ ವನ–ಬನ, ವರ್ಣ–ಬಣ್ಣ, ವಂಧ್ಯಾ–ಬಂಜೆ ಎಂಬ ನ್ಯಾಯವಾದ ಜೋಡಿಗಳ ಸಾಲಿನಲ್ಲಿ ವಲ್ಲೀ–ಬಳ್ಳಿ ಎಂಬ ಜೋಡಿಯೂ ಸೇರಿಕೊಂಡಿರುವುದನ್ನು ಮನೆಯಲ್ಲಿ ಮಕ್ಕಳ ಪಾಠವನ್ನು ಒಪ್ಪಿಸಿಕೊಳ್ಳುವವರು ಬಲ್ಲರು. ಬಳ್ಳಿ ದೇಶ್ಯಶಬ್ದವೆಂದು ಉತ್ತರ ಬರೆದ ಬಾಲಕನಿಗೆ ಅಂಕ ದೊರೆಯುವುದು ಕಷ್ಟ. ಆ ಬಾಲಕನ ಪರವಾಗಿ ವಾದಿಸುವುದೇ ಈ ಲೇಖನದ ಉದ್ದೇಶ.

ಇದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ಮಾತು ದೇಶ್ಯವಾದರೇನು, ತದ್ಭವವಾದರೇನು, ಚಪ್ಪರದ ಮೇಲಿನ ಅವರೆ ಕಾಯಿಬಿಡುವುದನ್ನು ನಿಲ್ಲಿಸುವುದಿಲ್ಲವಷ್ಟೆ! ಆದರೆ ತದ್ಭವವೆಂಬ ಹೆಸರಿನಲ್ಲಿ ಒಂದು ತೀರ್ಪು ಅಡಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂತಹ ಪದಗಳನ್ನು ಹೇಳುವ ಪ್ರಕರಣಕ್ಕೆ ಅಪಭ್ರಂಶವೆಂದೇ ಹೆಸರಿಟ್ಟಿದ್ದಾನೆ. ಬಳ್ಳಿಯು ವಲ್ಲಿಯ ಜಾರಿದ ರೂಪವೆಂದು ಮನಸ್ಸಿನಲ್ಲಿ ಒಮ್ಮೆ ನಿಂತಿತೆಂದರೆ, ಕಾವ್ಯದಲ್ಲಿ ಆ ಮಾತು ಬಂದೆಡೆಯಲ್ಲೆಲ್ಲ ಓದುಗನು ಅದನ್ನು ಎತ್ತಿ ಅದರ ಸ್ಥಾನದಲ್ಲಿ ವಲ್ಲಿಯನ್ನೋ ಲತೆಯನ್ನೋ ಇಟ್ಟು ಅರ್ಥಮಾಡಿಕೊಳ್ಳುತ್ತಾನೆ. ಅದರಿಂದ ಕಾವ್ಯಕ್ಕೆ ಒದಗುವ ನಷ್ಟವೇನೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಮಾತಿನ ಕುಲವನ್ನು ವಿಚಾರಿಸೋಣ.

ವಲ್ಲೀಪಕ್ಷದವರ ಮೊದಲನೆಯ ಆಧಾರವು ವಕಾರವು ಬಕಾರವಾಗುವ ನಿಯಮ. ವನವು ಬನವಾದಂತೆ ವಲ್ಲಿಯು ಬಳ್ಳಿಯಾಯಿತೆಂದು ಅವರು ಹೇಳುತ್ತಾರೆ. ಆದರೆ ಪದಾದಿಯ ವಕಾರವನ್ನು ಬಕಾರವಾಗಿ ನುಡಿಯುವುದು ಕನ್ನಡವು ಸಂಸ್ಕೃತದಿಂದ ತಂದ ಮಾತುಗಳಿಗೆ ಮಾತ್ರ ಮೀಸಲಾಗಿಟ್ಟ ಉಪಚಾರವಲ್ಲ. ತಮಿಳಿನ ವಾ ನಮ್ಮಲ್ಲಿ ಬಾ, ಅವರ ವಾಯ್ ನಮ್ಮ ಬಾಯಿ, ವಿಲ್ ಬಿಲ್ಲು, ವೆಳ್ಳಿ ಬೆಳ್ಳಿ. ಇವುಗಳಲ್ಲಿ ಒಂದಕ್ಕಾದರೂ ಸಂಸ್ಕೃತದ ಗಂಧವಿಲ್ಲ. ಈ ವಿಷಯವನ್ನು ತಿಳಿಯುವುದಕ್ಕೆ ಗ್ರಂಥಗಳೇ ಬೇಕೆಂದಿಲ್ಲ. ಈ ಲೇಖಕನು ವಾಸಿಸುವ ಭದ್ರಾವತಿಯ ನ್ಯೂ ಟೌನ್, 1923ರಲ್ಲಿ ಕಬ್ಬಿಣ ಕರಗಿಸಲು ಮೊದಲುಮಾಡಿದ ಕಾರ್ಖಾನೆಯ ನಿಮಿತ್ತವಾಗಿ ಬೆಳೆದ ಊರು. ಜೀವನೋಪಾಯಕ್ಕಾಗಿ ಬಂದವರಲ್ಲಿ ಕನ್ನಡಿಗರಂತೆಯೇ ತಮಿಳರೂ ಅನೇಕರು. ಬೇಲಿಯ ಈಚೆಗೆ ಬಳ್ಳಿ ಎನ್ನುವುದನ್ನು ಆಚೆಗೆ ವಳ್ಳಿ ಎನ್ನುವುದು ಇಲ್ಲಿ ಕಿವಿಗೆ ಬೀಳುವ ಸಂಗತಿ. ಆದಕಾರಣ ಬಕಾರವು ಯಾವ ಪಕ್ಷಕ್ಕೂ ಸಾಕ್ಷಿಯಲ್ಲ. ಸಾಕ್ಷಿ ಹೇಳಬೇಕಾದುದು ಎರಡನೆಯ ಅಕ್ಷರದ ಒತ್ತು.

ವಲ್ಲಿಯಲ್ಲಿರುವುದು ಲಕಾರದ ದ್ವಿತ್ವ. ಬಳ್ಳಿಯಲ್ಲಿರುವುದು ಳಕಾರದ ದ್ವಿತ್ವ. ಸಂಸ್ಕೃತ ಪ್ರಾಕೃತಗಳ ದ್ವಿತ್ವ ಲಕಾರವು ಕನ್ನಡಕ್ಕೆ ಬರುವಾಗ ಏನಾಗುತ್ತದೆಂಬುದನ್ನು ಪಂಡಿತರೇ ಕೊಡುವ ಉದಾಹರಣೆಗಳಿಂದ ಪರೀಕ್ಷಿಸಬಹುದು. ಮಲ್ಲಿಕಾ ಎಂಬುದು ಮಲ್ಲಿಗೆಯಾಯಿತಲ್ಲದೆ ಮಳ್ಳಿಗೆಯಾಗಲಿಲ್ಲ. ಪಲ್ಯಂಕವು ಪಲ್ಲಕ್ಕಿಯಾಯಿತು. ಮಲ್ಲನು ಮಲ್ಲನಾಗಿಯೇ ಉಳಿದನು. ಎಲ್ಲಕ್ಕಿಂತ ಮುಖ್ಯವಾದುದು ವಲ್ಲಭ ಎಂಬ ಬಿರುದು. ರಾಷ್ಟ್ರಕೂಟ ಚಕ್ರವರ್ತಿಗಳು ಧರಿಸಿದ್ದ ಈ ಬಿರುದು ಹಳಗನ್ನಡದಲ್ಲಿ ಬಲ್ಲಹ ಎಂದಾಯಿತು. ಒಂಬತ್ತು ಹತ್ತನೆಯ ಶತಮಾನಗಳ ಅರಬ್ಬೀ ಲೇಖಕರು ಆ ರಾಜರನ್ನು ಬಲ್ಹರಾ ಎಂದು ಕರೆದಿರುವುದು ಈ ಮಾತನ್ನು ಕೇಳಿಯೇ ಎಂದು ಚರಿತ್ರಕಾರರು ಹೇಳುತ್ತಾರೆ. ಇಲ್ಲಿ ಮೊದಲಿನ ವಕಾರವು ನಿಯಮದಂತೆ ಬಕಾರವಾಗಿದೆ, ಆದರೆ ಲಕಾರದ ಒತ್ತು ಅಲುಗಾಡಿಲ್ಲ. ವಲ್ಲಭನು ಬಲ್ಲಹನಾದ ನ್ಯಾಯದಿಂದಲೇ ವಲ್ಲಿಯು ಬಂದಿದ್ದರೆ ನಾವಿಂದು ಬಲ್ಲಿ ಎನ್ನಬೇಕಾಗಿತ್ತು. ಹಾಗೆನ್ನುವವರು ಕನ್ನಡ ನಾಡಿನಲ್ಲಿ ಕಾಣಬರುವುದಿಲ್ಲ.

ಕೇಶಿರಾಜನು ಹೇಳಿದ ಕ್ಷಳವನ್ನು ಮರೆತೆಯಾ ಎಂದು ವ್ಯಾಕರಣ ಬಲ್ಲವರು ಕೇಳಬಹುದು. ಆತನು ಳಕಾರವನ್ನು ಕುಳ, ಕ್ಷಳ, ರಳ ಎಂದು ಮೂರಾಗಿ ಎಣಿಸಿ, ಸಂಸ್ಕೃತದ ಲಕಾರಕ್ಕೆ ಕನ್ನಡದಲ್ಲಿ ಬರುವ ಳಕಾರವನ್ನು ಕ್ಷಳವೆಂದಿರುವುದು ನಿಜ. ಕಮಲವು ಕಮಳ, ಕೋಮಲವು ಕೋಮಳ, ಮಂಗಲವು ಮಂಗಳ ಆಗುವುದು ಈ ದಾರಿಯಲ್ಲಿ. ಆದರೆ ಈ ಉದಾಹರಣೆಗಳೆಲ್ಲ ಎರಡು ಸ್ವರಗಳ ನಡುವೆ ಒಂಟಿಯಾಗಿ ನಿಂತ ಲಕಾರದವು. ಒಂಟಿ ಅಕ್ಷರವು ಸ್ವರಗಳ ನಡುವೆ ಮೆತ್ತಗಾಗಿ ರೂಪ ಬದಲಾಯಿಸುವುದೂ, ದ್ವಿತ್ವವು ಬಿಗಿಯಾಗಿ ನಿಲ್ಲುವುದೂ ಅನೇಕ ಭಾಷೆಗಳಲ್ಲಿ ಕಾಣುವ ಸಂಗತಿ. ಕಮಳವನ್ನು ತೋರಿಸಿ ಬಳ್ಳಿಯನ್ನು ಸಾಧಿಸಲಾಗದು.

ಹಾಗಾದರೆ ವಲ್ಲಿಗೂ ಬಳ್ಳಿಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ನದಿ ಹರಿದ ದಿಕ್ಕು ಬೇರೆ ಎಂದು ತೋರುತ್ತದೆ. ಲೌಕಿಕ ಸಂಸ್ಕೃತದ ವರ್ಣಮಾಲೆಯಲ್ಲಿ ಳಕಾರಕ್ಕೆ ಸ್ಥಾನವಿಲ್ಲ. (ಋಗ್ವೇದದ ಪಾಠದಲ್ಲಿ ಡಕಾರದ ಎಡೆಯಲ್ಲಿ ಕೇಳಿಬರುವ ಳಕಾರದ ಮಾತು ಬೇರೆ.) ಳಕಾರವಿಲ್ಲದ ಭಾಷೆಯು ಳಕಾರವಿದ್ದ ಮಾತನ್ನು ತೆಗೆದುಕೊಂಡರೆ ಅದನ್ನು ಲಕಾರವಾಗಿ ಮಾಡಿಕೊಳ್ಳುವುದೇ ಸಹಜ. ಪಳ್ಳಿ ಎಂಬ ಮಾತಿನ ಚರಿತ್ರೆ ಇದಕ್ಕೆ ನಿದರ್ಶನ. ಮಧುರೆಯ ಸುತ್ತಣ ಬೆಟ್ಟಗಳಲ್ಲಿರುವ, ಕ್ರಿಸ್ತಪೂರ್ವ ಕಾಲದ ತಮಿಳು-ಬ್ರಾಹ್ಮೀ ಶಾಸನಗಳಲ್ಲಿಯೇ ಪಳ್ಳಿ ಎಂಬುದು ಜೈನಮುನಿಗಳ ವಾಸಸ್ಥಾನದ ಹೆಸರಾಗಿ ಬಂದಿದೆ. ನಮ್ಮಲ್ಲಿ ಅದೇ ಹಳ್ಳಿಯಾಗಿ ಊರೂರಿನ ಹೆಸರಿನ ಕೊನೆಯಲ್ಲಿ ನಿಂತಿದೆ. ಸಂಸ್ಕೃತದಲ್ಲಿ ಅದು ಪಲ್ಲೀ. ದಕ್ಷಿಣದ ನುಡಿಗಳಿಂದ ಸಂಸ್ಕೃತವು ಪಡೆದ ಮಾತುಗಳನ್ನು 1856ರಲ್ಲಿ ಕಾಲ್ಡ್‌ವೆಲ್ಲರೂ, 1869ರಲ್ಲಿ ಗುಂಡರ್ಟರೂ, ಆಮೇಲೆ 1894ರ ತಮ್ಮ ಮಹಾಕೋಶದ ಮುನ್ನುಡಿಯಲ್ಲಿ ಕಿಟ್ಟೆಲರೂ ಪಟ್ಟಿಮಾಡಿದರು. ಅವರ ಪಟ್ಟಿಗಳಲ್ಲಿ ಅತಿಶಯೋಕ್ತಿ ಇಲ್ಲದಿಲ್ಲ. ಅನಂತರದ ವಿದ್ವಾಂಸರು ಹಲವನ್ನು ತಳ್ಳಿಹಾಕಿದ್ದಾರೆ. ಆದರೆ ಪಳ್ಳಿಯು ಪಲ್ಲಿಯಾದ ಅಚ್ಚಿನಲ್ಲಿಯೇ ವಳ್ಳಿಯು ವಲ್ಲಿಯಾಯಿತೆಂಬ ಊಹೆಗೆ ಬಾಧಕವಾದುದೇನೂ ಕಾಣದು. 1961ರಲ್ಲಿ ಬರೋ ಮತ್ತು ಎಮನೋ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ ತಮಿಳು ಮಲಯಾಳಗಳ ವಳ್ಳಿಯೂ ಕನ್ನಡದ ಬಳ್ಳಿಯೂ ಒಂದೇ ಕಟ್ಟಿನಲ್ಲಿವೆ.

ತಮಿಳಿನಲ್ಲಿ ಈ ಎರಡು ಶಬ್ದಗಳೂ ಇಂದಿಗೂ ಒಂದೇ ಮನೆಯಲ್ಲಿ ಬೇರೆಬೇರೆಯಾಗಿ ಬಾಳುತ್ತಿರುವುದು ಬಹು ಸ್ವಾರಸ್ಯವಾದ ಸಂಗತಿ. ಕನಕವಲ್ಲಿ, ಅಮೃತವಲ್ಲಿ, ಕರ್ಪಕವಲ್ಲಿ ಎಂಬ ಹೆಂಗಸರ ಹೆಸರುಗಳನ್ನು ಅವರು ಲಕಾರದಿಂದ ಬರೆಯುತ್ತಾರೆ. ಅವು ಸಂಸ್ಕೃತದ ಮೂಲಕ ಬಂದವು. ಮುರುಗನ ಪತ್ನಿಯಾದ ಬೇಡರ ಹುಡುಗಿಯ ಹೆಸರನ್ನು ಮಾತ್ರ ವಳ್ಳಿ ಎಂದು ಳಕಾರದಿಂದಲೇ ಬರೆಯಬೇಕು. ಬೇಡರು ವಳ್ಳಿಗೆಣಸನ್ನು ಅಗೆದ ಗುಂಡಿಯಲ್ಲಿ ಆ ಶಿಶು ದೊರೆಯಿತಾದ್ದರಿಂದ ಆ ಹೆಸರು ಬಂದಿತೆಂದು ಕಥೆ. ಸಂಘಕಾಲದ ಕಾವ್ಯಗಳಲ್ಲಿಯೂ ವಳ್ಳಿ ಎಂಬುದು ಕಾಡಿನ ಗೆಣಸಿನ ಬಳ್ಳಿ. ಬಳ್ಳಿಗಳ ಸಾಮಾನ್ಯನಾಮವಾಗಿ ತಮಿಳರಿಗೆ ಹೆಚ್ಚು ರೂಢಿಯಾದುದು ಕೊಡಿ. ಧ್ವಜಕ್ಕೂ ಅದೇ ಹೆಸರು. ದಕ್ಷಿಣಕನ್ನಡ ಕಾಸರಗೋಡುಗಳಲ್ಲಿ ಜಾತ್ರೆಗೆ ಕೊಡಿ ಏರಿತೆಂದು ಹೇಳುವಾಗ ನಾವು ಕೇಳುವುದು ಈ ಮಾತನ್ನೇ. (ನಮ್ಮ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಬಳಿ ಇದ್ದ ಕೋಡಿಯ ಮಠದ ಕೋಡಿಯನ್ನು ಇದರೊಡನೆ ಗಂಟುಹಾಕಬಾರದು. ಅದು ಕೆರೆಯ ಕೋಡಿ.) ಕನ್ನಡದಲ್ಲಿ ಕೊಡಿಯು ಕುಡಿಯಾಗಿ ಚಿಗುರಿನ ತುದಿಯ ಅರ್ಥದಲ್ಲಿ ನಿಂತಿತು, ಬಳ್ಳಿ ಸಾಮಾನ್ಯನಾಮವಾಯಿತು. ತುಳುವಿನಲ್ಲಿ ಆ ಸ್ಥಾನ ಬೂರು ಎಂಬ ಮತ್ತೊಂದು ಮಾತಿಗೆ, ತೆಲುಗಿನಲ್ಲಿ ತೀಗೆಗೆ ಸಂದಿದೆ. ಸಂಸ್ಕೃತದಿಂದ ಒಂದು ಮಾತು ಹರಿದು ಬಂದಿದ್ದರೆ ಇಷ್ಟು ನುಡಿಗಳಲ್ಲಿ ಇಷ್ಟು ಬಗೆಯ ಹಂಚಿಕೆ ಆಗುತ್ತಿತ್ತೆಂದು ನನಗೆ ತೋರದು.

ಇನ್ನು ಸಂಸ್ಕೃತದ ಒಳಗಿನ ಸಾಕ್ಷ್ಯವನ್ನು ನೋಡಬೇಕು. ಋಗ್ವೇದದ ಋಷಿಗಳಿಗೆ ಬಳ್ಳಿಗಳ ಪರಿಚಯವಿಲ್ಲದೆ ಇಲ್ಲ. ಅವರು ವೀರುಧ್ ಎಂದರು, ವ್ರತತಿ ಎಂದರು. ಯಮಯಮೀಸಂವಾದದಲ್ಲಿ ಮರವನ್ನಪ್ಪುವ ಬಳ್ಳಿಗೆ ಲಿಬುಜಾ ಎಂಬ ಅಪರೂಪದ ಹೆಸರಿದೆ. ವಲ್ಲೀ ಎಂಬ ಹೆಸರು ಅಲ್ಲಿಲ್ಲ. ಮುಂದೆ ಮನುಸ್ಮೃತಿಯ ಮೊದಲನೆಯ ಅಧ್ಯಾಯದಲ್ಲಿ ಸಸ್ಯಜಾತಿಗಳನ್ನು ಎಣಿಸುವಾಗ ಪ್ರತಾನಗಳೆಂದೂ ವಲ್ಲಿಗಳೆಂದೂ ಎರಡು ಬಗೆ ಕಾಣಿಸಿಕೊಳ್ಳುತ್ತವೆ. ಸವತೆ ಸೋರೆಗಳಂತೆ ತಂತುಗಳುಳ್ಳವು ಪ್ರತಾನ, ಅಮೃತಬಳ್ಳಿಯಂತೆ ನೆಲದಿಂದ ಮರಕ್ಕೆ ಏರುವವು ವಲ್ಲಿ ಎಂದು ಕುಲ್ಲೂಕಭಟ್ಟನ ವಿವರಣೆ. ಅಮರಸಿಂಹನ ಕಾಲಕ್ಕೆ ಈ ಭೇದ ಅಳಿಸಿ ವಲ್ಲೀ, ವ್ರತತಿ, ಲತೆಗಳು ಒಂದೇ ಸಾಲಿನಲ್ಲಿ ಪರ್ಯಾಯಗಳಾಗಿವೆ. ತೈತ್ತಿರೀಯೋಪನಿಷತ್ತಿನ ಭಾಗಗಳನ್ನು ಶೀಕ್ಷಾವಲ್ಲೀ, ಆನಂದವಲ್ಲೀ, ಭೃಗುವಲ್ಲೀ ಎಂದು ಕರೆಯುವ ಸಂಪ್ರದಾಯ ನಮ್ಮ ಮನೆಗಳಲ್ಲಿ ಪ್ರಸಿದ್ಧವೇ. ಗ್ರಂಥದ ವಿಭಾಗಗಳಿಗೆ ಪರ್ವವೆಂದೂ ಕಾಂಡವೆಂದೂ ಶಾಖೆಯೆಂದೂ ಗಿಡಮರಗಳ ಅಂಗಗಳ ಹೆಸರನ್ನಿಟ್ಟವರು ಬಳ್ಳಿಯನ್ನೂ ಬಿಡಲಿಲ್ಲ. ಆ ಬಳ್ಳಿ ದಕ್ಷಿಣದ ಬೇಲಿಯಿಂದ ಹೋದುದಾದರೆ ಅದರಲ್ಲಿ ವೇದಕ್ಕಾಗಲಿ ನಮಗಾಗಲಿ ಕುಂದೇನೂ ಇಲ್ಲ.

ವಲ್ಲಿಗೆ ಸಂಸ್ಕೃತದಲ್ಲಿಯೇ ಧಾತುವಿದೆಯೆಂದು ಹೇಳುವವರ ಪಕ್ಷವನ್ನೂ ಮರೆಯಬಾರದು. ಧಾತುಪಾಠದಲ್ಲಿ ಸಂವರಣಾರ್ಥಕವಾದ, ಎಂದರೆ ಮುಚ್ಚುವುದೆಂಬ ಅರ್ಥದ, ವಲ ಧಾತುವುಂಟು. ಮರವನ್ನು ಮುಚ್ಚುವುದರಿಂದ ವಲ್ಲಿ ಎಂಬ ನಿಷ್ಪತ್ತಿ ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಧಾತು ದೊರೆತ ಮಾತ್ರಕ್ಕೆ ಮೂಲ ದೊರೆತಂತಲ್ಲ. ನಿಘಂಟಿನ ವ್ಯಾಖ್ಯಾನಕಾರರಿಗೆ ಧಾತು ದೊರೆಯದ ಶಬ್ದವೇ ಇಲ್ಲ! ಕನ್ನಡದ ಕಡೆಯಿಂದಲೂ ಧಾತುವನ್ನು ತೋರಿಸಬಹುದು. ಸುತ್ತುವುದೆಂಬ ಅರ್ಥದ ಬಳಸು, ಕೈಯನ್ನು ಸುತ್ತಿ ನಿಲ್ಲುವ ಬಳೆ, ಬಾಗುವುದೆಂಬ ಅರ್ಥದ ತಮಿಳಿನ ವಳೈ, ಇವುಗಳ ಒಡಲಲ್ಲಿ ಬಳ್ ಎಂಬ ಮೂಲವಿದೆ. ಹ್ರಸ್ವಸ್ವರದ ಏಕಾಕ್ಷರ ಪ್ರಕೃತಿಯ ಮುಂದೆ ಸ್ವರ ಬಂದಾಗ ಕೊನೆಯ ವ್ಯಂಜನವು ಇಮ್ಮಡಿಸುವುದು ಕನ್ನಡದ ನಿತ್ಯವಿಧಿ. ಬಿಳುಪೆಂಬ ಅರ್ಥದ ಬೆಳ್ ಎಂಬುದರಿಂದ ಬೆಳ್ಳಿಯು ಹುಟ್ಟಿದಂತೆ ಬಳ್ ಎಂಬುದರಿಂದ ಬಳ್ಳಿ. ಬೆಳೆಯುವುದೆಂಬ ಅರ್ಥದಲ್ಲಿ ಹಳಗನ್ನಡದಲ್ಲಿದ್ದ ಬಳೆ ಎಂಬ ಧಾತುವನ್ನು ಮುಂದಿಡುವವರೂ ಇರಬಹುದು. ಆದರೆ ಬೆಳೆಯುವುದು ಎಲ್ಲ ಗಿಡಗಳ ಗುಣ. ಸುತ್ತುವುದು ಬಳ್ಳಿಯ ಗುಣ.

ಸುತ್ತುವುದೆಂಬ ಮೂಲಾರ್ಥಕ್ಕೆ ಬಲವಾದ ಆಸರೆ ದೊರೆಯುವುದು ಪಶ್ಚಿಮದ ಕರಾವಳಿಯಲ್ಲಿ. ಕಾಸರಗೋಡು ಪುತ್ತೂರುಗಳ ಹವ್ಯಕರ ಮನೆಮಾತಿನಲ್ಲಿ ಬಳ್ಳಿ ಎಂದರೆ ಹಗ್ಗ. ದನವನ್ನು ಕಟ್ಟುವುದು ಬಳ್ಳಿಯಿಂದ. ತುಳುವರ ಬಲ್ಲು ಎಂಬುದಕ್ಕೂ ಹಗ್ಗವೆಂದೇ ಅರ್ಥ. ತಮಿಳಿನಲ್ಲಿ ವಳ್ ಎಂದರೆ ತೊಗಲಿನ ಬಾರು. ಮಲಯಾಳದಲ್ಲಿ ವಳ್ಳಿಗೆ ಬಳ್ಳಿಯೆಂಬ ಅರ್ಥದೊಡನೆ ದಾರ, ಬಾರು ಎಂಬ ಅರ್ಥಗಳೂ ಇವೆ; ಅದಲ್ಲದೆ ನಾವು ಗುಡಿಸು ಎನ್ನುವ ಇಕಾರದ ಚಿಹ್ನೆಯನ್ನು ಅವರು ವಳ್ಳಿ ಎನ್ನುತ್ತಾರೆ, ಅಕ್ಷರದ ಮೈಯನ್ನು ಸುತ್ತಿ ಇಳಿಯುವ ಆ ಗೆರೆಗೆ ಅದು ಎಷ್ಟು ತಕ್ಕ ಹೆಸರು! ಕಾಡಿನ ಬಳ್ಳಿಯನ್ನು ಕೊಯ್ದು ಹೊರೆಕಟ್ಟುವ ಜನರಿಗೆ ಬಳ್ಳಿಯೂ ಹಗ್ಗವೂ ಬೇರೆಯಾದ ವಸ್ತುಗಳಲ್ಲ. ಸಂಸ್ಕೃತಕವಿಗಳ ವಲ್ಲಿಯಿಂದ ಯಾರೂ ಹಸುವನ್ನು ಕಟ್ಟಿದಂತೆ ಕಾಣೆ. ತದ್ಭವವು ತನ್ನ ಮೂಲದಲ್ಲಿಲ್ಲದ ಅರ್ಥವನ್ನು ಒಂದು ನುಡಿಯಲ್ಲಿ ಪಡೆದರೆ ಆಕಸ್ಮಿಕವೆನ್ನಬಹುದು. ನಾಲ್ಕು ನುಡಿಗಳಲ್ಲಿ ಒಂದೇ ಅರ್ಥವನ್ನು ಪಡೆದರೆ ಆಕಸ್ಮಿಕವೆನ್ನುವುದು ಹೇಗೆ?

ಈ ಮಾತಿನ ಪುರಾತನತೆಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಊರು ನಿಂತಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ, ಮಠಗಳಿಂದಲೂ ವಿದ್ವಾಂಸರಿಂದಲೂ ತುಂಬಿದ್ದ ನಗರ. ಅಲ್ಲಿಯ ಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಊರಿನ ಹೆಸರು ಬಳ್ಳಿಗಾವೆ, ಬಳ್ಳಿಗ್ರಾಮೆ ಎಂದೆಲ್ಲ ಬರುತ್ತದೆ. ವಕಾರದಿಂದ ಮೊದಲಾಗುವ ವಳ್ಳಿಗಾಮೆ ಎಂಬ ಹಳೆಯ ರೂಪವೂ ಉಂಟು. ಬಲಿಚಕ್ರವರ್ತಿಯ ರಾಜಧಾನಿಯಾಗಿತ್ತೆಂಬ ಐತಿಹ್ಯಕ್ಕೆ ಅನುಗುಣವಾಗಿ ಬಲಿಪುರವೆಂಬ ಹೆಸರೂ ಇದೆ. ಬಲಿಯ ಕಥೆ ಊರಿಗೆ ಭೂಷಣವೇ ಸರಿ. ಆದರೆ ಬಲಿಯಿಂದ ಹೊರಟರೆ ಳಕಾರದ ಒತ್ತಿಗೆ ಸಮಾಧಾನ ಹೇಳಲಾಗದು. ದೊಡ್ಡದಾದ ಊರು ತನ್ನ ಹಳ್ಳಿಯ ಹೆಸರಿಗೆ ನಾಚಿ ಪುರಾಣದಲ್ಲಿ ತಂದೆಯನ್ನು ಹುಡುಕುವುದು ಲೋಕದಲ್ಲಿ ಹೊಸದಲ್ಲ. ಹೆಸರಿನ ಮೊದಲ ಭಾಗವು ಬಳ್ಳಿಯೇ ಎಂದು ಒಪ್ಪುವುದಾದರೆ ಈ ಒಂದೇ ಹೆಸರು ವ್ಯಾಕರಣದ ಪಾಠವಾಗುತ್ತದೆ. ಗ್ರಾಮವು ಗಾಮವಾಗಿ ಗಾವೆಯಾದುದು ಸಾಕ್ಷಾತ್ ತದ್ಭವ. ಅದರ ಹಿಂದೆ ನಿಂತ ಬಳ್ಳಿ ಅಚ್ಚ ದೇಶ್ಯ. ಊರ ಹೆಸರುಗಳು ಸವೆಯುವ ರೀತಿ ವಿಚಿತ್ರವಾದುದರಿಂದ ಈ ಒಂದರ ಮೇಲೆ ನನ್ನ ವಾದದ ಭಾರವನ್ನು ಹೊರಿಸುವುದಿಲ್ಲ.

ಇನ್ನು ಕಾವ್ಯದ ಮಾತು. ಬಳ್ಳಿಗಾವೆಯಿದ್ದ ಅದೇ ಬನವಾಸಿಯ ನಾಡನ್ನು ಪಂಪನು ವಿಕ್ರಮಾರ್ಜುನವಿಜಯದಲ್ಲಿ ವರ್ಣಿಸಿದ ಪದ್ಯಗಳು ಕನ್ನಡಿಗರಿಗೆ ಬಾಯಿಪಾಠ. ಅಲ್ಲಿ ಮಾಮರದ ಬೆನ್ನಲ್ಲಿಯೇ ಎಲೆವಳ್ಳಿ ಬರುತ್ತದೆ. ಎಲೆ ಎಂಬುದರ ಮುಂದೆ ಬಳ್ಳಿ ಸೇರಿದಾಗ ಆದೇಶಸಂಧಿಯಿಂದ ಬಕಾರಕ್ಕೆ ವಕಾರ ಬಂದು ವಳ್ಳಿಯಾಗಿದೆ. ತದ್ಭವದ ಪಾಠವನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯು ಈ ವಕಾರವನ್ನು ಕಂಡು, ಕವಿ ಇಲ್ಲಿ ಮೂಲದ ವಲ್ಲಿಯನ್ನೇ ತಂದನೆಂದು ಭ್ರಮಿಸುತ್ತಾನೆ. ಅರ್ಥ ಬರೆಯುವಾಗ ತಾಂಬೂಲಲತೆ ಎಂದು ಬರೆಯುತ್ತಾನೆ. ಪಂಪನಿಗೆ ನಾಗವಲ್ಲಿ ಎಂಬ ಮಾತು ತಿಳಿಯದೆ? ಅಮರಕೋಶದಲ್ಲಿರುವ ಆ ಹೆಸರನ್ನು ಬಿಟ್ಟು ಆತನು ತೋಟದವರ ಮಾತನ್ನು ಆರಿಸಿಕೊಂಡನು. ಇಂದಿಗೂ ಮಲೆನಾಡಿನ ಅಡಕೆಯ ತೋಟಕ್ಕೆ ಹೋದವರು ಮರಕ್ಕೆ ಹತ್ತಿದ ಎಲೆಬಳ್ಳಿಯನ್ನು ಆ ಹೆಸರಿನಿಂದಲೇ ಕೇಳುತ್ತಾರೆ. ಆ ಪದ್ಯದಲ್ಲಿ ಮಾತನಾಡುತ್ತಿರುವುದು ನಾಡನ್ನು ನೆನೆದು ಹಂಬಲಿಸುವ ಹೃದಯ. ಹಂಬಲದ ನಾಲಗೆಗೆ ಬರುವುದು ಮನೆಯ ಮಾತು. ಎಲೆವಳ್ಳಿಯನ್ನು ತಾಂಬೂಲಲತೆಯೆಂದು ಅರ್ಥಮಾಡಿದವನಿಗೆ ಪದ್ಯದ ವಸ್ತು ದೊರೆಯುತ್ತದೆ, ತವರು ದೊರೆಯುವುದಿಲ್ಲ.

ಆಂಡಯ್ಯನ ಕಬ್ಬಿಗರ ಕಾವವನ್ನು ಇಲ್ಲಿ ಕೆಲವರು ಸಾಕ್ಷಿಗೆ ಕರೆಯಬಹುದು. ತತ್ಸಮಗಳನ್ನು ಬಿಟ್ಟು ಕಾವ್ಯ ರಚಿಸಿದ ಆ ಕವಿಗೆ ಬಳ್ಳಿ ಸಲ್ಲುತ್ತದೆ, ಲತೆ ಸಲ್ಲುವುದಿಲ್ಲ. ಆದರೆ ಆತನು ತದ್ಭವಗಳನ್ನೂ ದೇಶ್ಯಗಳನ್ನೂ ಸಮನಾಗಿ ಬಳಸಿದವನಾದ್ದರಿಂದ ಆತನ ಪ್ರಯೋಗದಿಂದ ನಮ್ಮ ವ್ಯಾಜ್ಯ ತೀರುವುದಿಲ್ಲ.

ಲತೆಯ ಮೇಲೆ ನನಗೆ ದ್ವೇಷವಿದೆಯೆಂದು ಯಾರೂ ತಿಳಿಯಬಾರದು. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಶಕುಂತಲೆಯು ಮಾವನ್ನಪ್ಪಿದ ವನಜ್ಯೋತ್ಸ್ನೆಯನ್ನು ತಂಗಿಯೆಂದು ತಬ್ಬಿ ಬೀಳ್ಕೊಳ್ಳುವಾಗ ಲತೆಗೆ ಜೀವವಿದೆ, ಒಡಹುಟ್ಟಿದವಳ ಸ್ಥಾನವಿದೆ. ಕೆಟ್ಟುದು ಅನಂತರ. ತನುಲತೆ, ಬಾಹುಲತೆ, ಭ್ರೂಲತೆ ಎಂದು ಹೆಣ್ಣಿನ ಒಂದೊಂದು ಅವಯವಕ್ಕೂ ಕಟ್ಟಿ ಕಟ್ಟಿ ಕವಿಗಳು ಲತೆಯನ್ನು ಬೇರಿಲ್ಲದ, ಕಾಯಿಲ್ಲದ, ಬಳುಕುವುದೊಂದೇ ಕೆಲಸವಾದ ವಸ್ತುವನ್ನಾಗಿ ಮಾಡಿದರು. ಪಂಡಿತನೂ ಹೆಣ್ಣೂ ಲತೆಯೂ ಆಶ್ರಯವಿಲ್ಲದೆ ಶೋಭಿಸರೆಂದು ಹೇಳುವ ಸುಭಾಷಿತವೊಂದು ಪ್ರಸಿದ್ಧವಾಗಿದೆ. ಅಲ್ಲಿ ಲತೆಯೆಂದರೆ ಭಾರ. ಹೊರುವವನು ಬೇರೆ ಇರಬೇಕು. ನಮ್ಮ ಹೆಂಗಸರ ಗಾದೆ ಕೇಳುವುದು, ಬಳ್ಳಿಗೆ ಕಾಯಿ ಭಾರವೆ ಎಂದು. ಇಲ್ಲಿ ಹೊರುವವಳೇ ಬಳ್ಳಿ. ಕುಂಬಳದ ಬಳ್ಳಿ ಬೆರಳಿನಷ್ಟು ದಪ್ಪ. ಅದರ ಕಾಯನ್ನು ಎತ್ತಲು ಎರಡು ಕೈಗಳೂ ಬೇಕು. ಐದಾರು ಮಕ್ಕಳ ತಾಯಿಗೆ ಒಂದು ಮಗುವನ್ನು ಬೇರೆಯವರ ಮನೆಯಲ್ಲಿ ಬಿಡೆಂದು ಹೇಳಿದಾಗ ಅವಳ ಪರವಾಗಿ ಈ ಮಾತನ್ನು ಆಡುತ್ತಾರೆ. ತಾಯಿಮಕ್ಕಳ ಸಂಬಂಧಕ್ಕೆ ಕರುಳಬಳ್ಳಿ ಎಂದು ಹೆಸರು. ಈ ಬಳ್ಳಿಯಲ್ಲಿ ಕಟ್ಟುವ ಹಗ್ಗವೂ ಇದೆ, ಕಾಯನ್ನು ಪೋಷಿಸುವ ಕಾಂಡವೂ ಇದೆ. ಕರುಳಲತೆ ಎಂದು ಹೇಳಿ ನೋಡಿರಿ; ಮಾತು ಸತ್ತುಹೋಗುತ್ತದೆ.

ಬಳ್ಳಿಯು ವಲ್ಲಿಯ ಅಪಭ್ರಂಶ, ವಲ್ಲಿಯು ಲತೆಯ ಪರ್ಯಾಯ, ಆದುದರಿಂದ ಬಳ್ಳಿಯೆಂದರೆ ಲತೆ: ಈ ಮೂರು ಹೆಜ್ಜೆಗಳಲ್ಲಿ ನಡೆದ ಓದುಗನು ಆಶ್ರಯ ಬೇಡುವ ಸುಭಾಷಿತದ ಲತೆಯನ್ನು ಕಾಯಿ ಹೊರುವ ಗಾದೆಯ ಬಳ್ಳಿಯ ಮೇಲೆ ಹೇರುತ್ತಾನೆ. ನಮ್ಮ ನಾಟಕಗಳಲ್ಲಿಯೂ ಪದ್ಯಗಳಲ್ಲಿಯೂ ತಾಯಿಯೊಬ್ಬಳನ್ನು ಬಳ್ಳಿಯೆಂದು ಕರೆದಾಗ ಟೀಕಾಕಾರರು ಕೋಮಲತೆಯನ್ನೇ ಕುರಿತು ಪುಟ ತುಂಬಿಸುವುದು ಇದರ ಫಲ. ಒಳ್ಳೆಯ ಕವಿಗಳು ಈ ಭೇದವನ್ನು ವ್ಯಾಕರಣದ ನೆರವಿಲ್ಲದೆ ಕಿವಿಯಿಂದಲೇ ಅರಿತಿದ್ದಾರೆ. ಮಿಂಚಿನ ಗೆರೆಗೆ ವಿದ್ಯುಲ್ಲತೆ ಎಂಬ ಮಾತು ಸಿದ್ಧವಾಗಿರುವಾಗಲೂ ಕನ್ನಡವು ಬಳ್ಳಿಮಿಂಚು ಎಂಬ ಮಾತನ್ನು ಇಟ್ಟುಕೊಂಡಿದೆ. ವಿದ್ಯುಲ್ಲತೆ ಕಣ್ಣಿಗೆ ಬಳುಕುತ್ತದೆ. ಬಳ್ಳಿಮಿಂಚು ಆಕಾಶವನ್ನು ಸುತ್ತಿ ಕಟ್ಟುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೇಮಲತೆ, ಪುಷ್ಪಲತೆ ಎಂದು ಹೆಸರಿಡುವವರು ಅಸಂಖ್ಯರು. ತಮಿಳರು ವಳ್ಳಿಯೆಂದೂ ವಳ್ಳಿಯಮ್ಮೆಯೆಂದೂ ಸಂಕೋಚವಿಲ್ಲದೆ ಇಡುತ್ತಾರೆ.

ಬಳ್ಳಿಯೊಂದೇ ಮಾತಿಗೆ ಇಷ್ಟು ಸ್ಥಳವನ್ನು ಕೊಟ್ಟುದರಿಂದ ಅದರ ನೆಂಟರನ್ನು ಕುರಿತು ಬರೆಯುವುದಕ್ಕೆ ಎಡೆ ಉಳಿಯಲಿಲ್ಲ. ಬಯಲುಸೀಮೆಯಲ್ಲಿ ನೆಲದ ಮೇಲೆ ಹರಿಯುವ ಬಳ್ಳಿಗೆ ಹಂಬು ಎಂಬ ಬೇರೆಯ ಹೆಸರಿದೆ. ಕುಲ್ಲೂಕಭಟ್ಟನು ಪ್ರತಾನಕ್ಕೂ ವಲ್ಲಿಗೂ ಹೇಳಿದಂತಹ ಭೇದವನ್ನು ನಮ್ಮ ರೈತರು ಶಾಸ್ತ್ರವನ್ನೋದದೆ ಕಾಪಾಡಿಕೊಂಡಿದ್ದಾರೆ. ಕ್ರಿಯಾಪದಗಳಲ್ಲಿಯೂ ಹಾಗೆಯೇ. ಕುಂಬಳವು ಹಬ್ಬುತ್ತದೆ. ಮೆಣಸು ಗಿಣ್ಣುಗಿಣ್ಣಿಗೂ ಬೇರೂರಿ ಅಡಕೆಯ ಮರವನ್ನು ಹತ್ತುತ್ತದೆ. ಅವರೆ ಕೋಲನ್ನು ಸುತ್ತುತ್ತದೆ. ಹಾಗಲವು ಕುಡಿಯನ್ನು ಚಾಚಿ ಹಿಡಿದುಕೊಳ್ಳುತ್ತದೆ. ಸೀಗೆಯು ಮುಳ್ಳು ಸಿಕ್ಕಿಸಿ ಅಡರುತ್ತದೆ, ದಾರಿಹೋಕರ ಕಾಲಿಗೆ ತೊಡರುತ್ತದೆ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿತೆಂಬ ಗಾದೆಯನ್ನು ಕಟ್ಟಿದವರು ಕಾಡಿನಲ್ಲಿ ನಡೆದವರು. ಹಂಬು, ಬೂರು, ಬೀಳಲು, ಕುಡಿ ಇವುಗಳ ಪ್ರಾಂತಭೇದಗಳನ್ನು ಜಿಲ್ಲೆಯ ಒಂದೊಂದು ತಾಲ್ಲೂಕಿನಿಂದ ಯಾರಾದರೂ ಬರೆದು ಕಳುಹಿಸಿದರೆ, ಯಾವ ಸೀಮೆಯ ಎಲ್ಲೆಯಲ್ಲಿ ಬಳ್ಳಿ ನಿಂತು ಹಂಬು ಮೊದಲಾಗುತ್ತದೆಂಬುದನ್ನು ಗೆರೆಯೆಳೆದು ತೋರಿಸುವುದು ಸಾಧ್ಯವಾದೀತು.